ಗುಜರಿಯಲ್ಲಿ ಸಿಕ್ಕ ಹತಾರ: ಓದುಗರ ಪ್ರಶ್ನೆ, ವರ್ಕ್‌ಶಾಪಿನ ಉತ್ತರ

ಗುಜರಿಯಿಂದ ತಂದ ಹಳೇ ಹತಾರಗಳ ಬಗ್ಗೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ವಿಷಯಕ್ಕೆ ಬಂದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ದಾವಣಗೆರೆಯಲ್ಲಿ ಇಷ್ಟೊಂದು ಮಿಲ್ ಇದ್ದವು, ಹರಿಹರದಲ್ಲಿ ಲೇತ್ ಕಾರ್ಖಾನೆಯೇ ಇತ್ತು. ಆದರೂ ಗುಜರಿ ಅಂಗಡಿ ಸುತ್ತಿದರೆ ಬರೀ ಕೂಲರ್ ತಗಡು, ಸೈಕಲ್ ಚೌಕಟ್ಟು ಕಾಣುತ್ತೆ. ಒಳ್ಳೇ ಹತಾರ ಎಲ್ಲಿ ಹೋಗ್ತವೆ?
— ಮೋಟಾರ್ ರಿವೈಂಡಿಂಗ್ ಕೆಲಸಗಾರ, ದಾವಣಗೆರೆ

ಉತ್ತರ: ಹತ್ತಿ ಗಿರಣಿಗಳ ಮಾಲು ಖಾಲಿಯಾಗಿ ಬಹಳ ಕಾಲವಾಯಿತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿಯೂ ಎರಡು ದಶಕ ದಾಟಿದೆ. ಆ ಕಾಲದ ಹತಾರಗಳು ಈಗಿರುವುದು ಗುಜರಿಯಲ್ಲಲ್ಲ. ಪಿ.ಬಿ. ರಸ್ತೆಯ ಲಾರಿ ಗ್ಯಾರೇಜು, ಅಕ್ಕಿ ಗಿರಣಿಯ ರಿಪೇರಿ ಕೊಠಡಿ, ಚಳ್ಳಕೆರೆಯ ಎಣ್ಣೆ ಗಾಣ, ಪಂಪ್‌ಸೆಟ್ ರಿಪೇರಿ ಶೆಡ್ಡು, ಇಂಥ ಕಡೆ ಇವೆ. ಮಾಲೀಕರಿಗೆ ವಯಸ್ಸಾಗಿ ಶೆಡ್ಡು ಖಾಲಿ ಮಾಡುವಾಗ ಎಲ್ಲವೂ ಒಂದೇ ಲಾಟಿನಲ್ಲಿ ಹೊರಬೀಳುತ್ತದೆ. ಗುಜರಿಯವರು ಅದನ್ನು ಬೀಡು (ಎರಕದ ಕಬ್ಬಿಣ), ಉಕ್ಕು, ಹಿತ್ತಾಳೆ ಎಂದು ಬೇರೆ ಮಾಡಿ ರಾಶಿ ಹಾಕುತ್ತಾರೆ. ವೈಸು, ಅಂದರೆ ಸಾಮಾನನ್ನು ಕಚ್ಚಿ ಹಿಡಿಯುವ ಮೇಜಿನ ಹಿಡಿಕೆ ಯಂತ್ರ, ಬೀಡಿನ ರಾಶಿಯಲ್ಲಿ ಇರುತ್ತದೆ, ಹತಾರದ ಕಪಾಟಿನಲ್ಲಿ ಅಲ್ಲ. ಹಾಗಾಗಿ 'ಹಳೇ ವೈಸು ಇದೆಯಾ?' ಎಂದು ಕೇಳಿದರೆ 'ಇಲ್ಲ' ಎಂದೇ ಉತ್ತರ ಬರುತ್ತದೆ. 'ಬೀಡಿನ ರಾಶಿ ನೋಡಬಹುದಾ?' ಎಂದು ಕೇಳಿ.

ಸರ್ಕಾರಿ ಇಲಾಖೆ, ನಿಗಮಗಳ ಹಳೇ ಸಾಮಾನು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಕಂಪನಿಯಾದ ಎಂ.ಎಸ್.ಟಿ.ಸಿ.ಯ ಇ-ಹರಾಜಿಗೆ ಹೋಗುತ್ತದೆ. ಅಲ್ಲಿ ಲಾಟು ಟನ್ನುಗಳಲ್ಲಿ ಇರುವುದರಿಂದ ಒಬ್ಬೊಬ್ಬರಿಗೆ ದಕ್ಕುವುದು ಕಷ್ಟ. ಲಾಟು ಹಿಡಿದ ವ್ಯಾಪಾರಿ ಯಾರೆಂದು ತಿಳಿದರೆ ಅವರಿಂದ ತೂಕದ ಲೆಕ್ಕಕ್ಕೆ ಕೊಳ್ಳಬಹುದು.

ಎಲ್ಲೇ ಕೊಂಡರೂ ಚೀಟಿ ಬರೆಸಿಕೊಳ್ಳಿ. ಕದ್ದ ಮಾಲೆಂದು ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಹಿಂದೆ ಇದೇ ಐಪಿಸಿ 411 ಆಗಿತ್ತು.

ಪ್ರಶ್ನೆ: ಆರಿಂಚಿನ ಇಂಗ್ಲೆಂಡ್ ವೈಸು ಸಿಕ್ಕಿದೆ. ಸ್ಕ್ರೂ ಪೂರ್ತಿ ಜಾಮ್. ಡೀಸೆಲ್ ಸುರಿದು ವಾರ ಬಿಟ್ಟರೂ ಅಲ್ಲಾಡ್ತಿಲ್ಲ. ಹಿಡಿಗೆ ಪೈಪ್ ಹಾಕಿ ತಿರುವಬಹುದಾ? ಕೊಳ್ಳೋ ಮುಂಚೆ ಏನೇನು ನೋಡಬೇಕಿತ್ತು, ಅದನ್ನೂ ಹೇಳ್ರಿ.
— ಲಾರಿ ಬಾಡಿ ಕಟ್ಟುವವರು, ಚಿತ್ರದುರ್ಗ

ಉತ್ತರ: ಪೈಪ್ ಬೇಡ. ಹಿಡಿ ಬಗ್ಗುತ್ತದೆ, ಅದು ಬಗ್ಗದಿದ್ದರೆ ಸ್ಕ್ರೂವಿನ ತಲೆ ಕಿತ್ತು ಬರುತ್ತದೆ.

ಡೀಸೆಲ್ ದಪ್ಪ, ಸಂದಿಗೆ ಇಳಿಯುವುದು ನಿಧಾನ. ಅಸಿಟೋನ್ ಮತ್ತು ಪವರ್ ಸ್ಟೀರಿಂಗ್‌ಗೆ ಹಾಕುವ ಎ.ಟಿ.ಎಫ್. ಎಣ್ಣೆಯನ್ನು ಸಮ ಪಾಲು ಬೆರೆಸಿ. 50 ಮಿ.ಲೀ. + 50 ಮಿ.ಲೀ. ಒಂದು ವೈಸಿಗೆ ಬೇಕಾದಷ್ಟಾಯಿತು. ಎರಡೂ ಬೇರ್ಪಡುತ್ತಿರುತ್ತವೆ, ಪ್ರತಿ ಸಲ ಕುಲುಕಿ ಹಾಕಿ. ತಗಡಿನ ಎಣ್ಣೆ ಡಬ್ಬಿಯನ್ನೇ ಬಳಸಿ, ಅಸಿಟೋನ್ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಎಣ್ಣೆ ಹಾಕುವ ಮುಂಚೆ ಥ್ರೆಡ್ಡಿನ ಮೇಲಿನ ಕಪ್ಪು ಗಸಿಯನ್ನು ತಂತಿ ಬ್ರಷ್‌ನಿಂದ ತೆಗೆಯಲೇಬೇಕು. ಹೆಚ್ಚಿನ ಜಾಮ್ ತುಕ್ಕಿನಿಂದಲ್ಲ, ಹತ್ತಾರು ವರ್ಷದ ಗ್ರೀಸು ಮತ್ತು ಕಬ್ಬಿಣದ ಪುಡಿ ಸೇರಿ ಗಟ್ಟಿಯಾದ ಗಸಿಯಿಂದ. ವೈಸನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆ ನಟ್ಟಿನ ಕಡೆಗೆ ಇಳಿಯುವ ಹಾಗೆ ಬೆಳಿಗ್ಗೆ, ಸಂಜೆ ಮೂರು ದಿನ ಹಾಕಿ.

ಎಣ್ಣೆ ಹಾಕಿದಾಗೆಲ್ಲ ಸ್ಕ್ರೂವಿನ ತಲೆಗೆ ಹಿತ್ತಾಳೆ ತುಂಡು ಇಟ್ಟು, ಅರ್ಧ ಕೆ.ಜಿ. ಸುತ್ತಿಗೆಯಿಂದ ಇಪ್ಪತ್ತು ಮೂವತ್ತು ಸಣ್ಣ ಏಟು ಕೊಡಿ. ಒಂದು ದೊಡ್ಡ ಏಟಿಗಿಂತ ಈ ಅದುರುವಿಕೆಯೇ ಎಣ್ಣೆಯನ್ನು ಒಳಗೆ ಎಳೆಯುತ್ತದೆ. ತಿರುವುವಾಗ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಂದರೆ ಹಿಂದಕ್ಕೆ ಹೋಗಿ ಮತ್ತೆ ಎಣ್ಣೆ. ಒಂದೇ ಸಮನೆ ಬಿಚ್ಚುತ್ತ ಹೋದರೆ ಗಸಿ ಉಂಡೆಗಟ್ಟಿ ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ.

ಇಷ್ಟಕ್ಕೂ ಬಾರದಿದ್ದರೆ ಕಾವು. ಅಸಿಟೋನ್ ಪೂರ್ತಿ ಆರಿದೆ ಎಂಬುದು ಖಾತ್ರಿಯಾಗಬೇಕು, ಇಲ್ಲದಿದ್ದರೆ ಬೆಂಕಿ ಹತ್ತುತ್ತದೆ. ಬ್ಲೋ ಲ್ಯಾಂಪನ್ನು ನಟ್ಟು ಕೂತಿರುವ ಬೀಡಿನ ಭಾಗದ ಸುತ್ತ ಆಡಿಸಿ, ಸ್ಕ್ರೂವಿಗೆ ಹಿಡಿಯಬೇಡಿ. ಹೊರಗಿನದು ಹಿಗ್ಗಬೇಕು, ಒಳಗಿನದು ತಣ್ಣಗಿರಬೇಕು. ನೀರಿನ ಹನಿ ಚುರ್ರೆನ್ನುವಷ್ಟು, ಸುಮಾರು 150 ಡಿಗ್ರಿ ಸಾಕು. ಆಗ ಥ್ರೆಡ್ಡಿಗೆ ಮೇಣದಬತ್ತಿ ಒತ್ತಿದರೆ ಮೇಣ ಕರಗಿ ಒಳಗೆ ಹೀರಿಕೊಳ್ಳುತ್ತದೆ. ಗ್ಯಾಸ್ ಕಟಿಂಗ್ ಟಾರ್ಚಿನಿಂದ ಒಂದೇ ಕಡೆ ಕೆಂಪಗೆ ಕಾಯಿಸಿದರೆ ಬೀಡು ಸೀಳುತ್ತದೆ. ಬಿಸಿಯಿದ್ದಾಗ ನೀರು ಹಾಕುವುದಂತೂ ಕೂಡದು.

ಬಡಿಯುವ ಮುಂಚೆ ಇನ್ನೊಂದು ಕೆಲಸ: ಚಲಿಸುವ ದವಡೆಯ ಹಿಂದೆ, ಸ್ಕ್ರೂವನ್ನು ಹಿಡಿದಿಡುವ ಪಿನ್ನು, ವಾಷರು ಅಥವಾ ಸ್ಪ್ರಿಂಗ್ ಎಲ್ಲಿದೆ ಹುಡುಕಿ. ಬಣ್ಣದ ಪದರದ ಕೆಳಗೆ ಅದು ಮುಚ್ಚಿಹೋಗಿರುತ್ತದೆ. ಅದನ್ನು ತೆಗೆಯದೆ ಹೊಡೆದರೆ ಬೀಡಿನ ಕಿವಿ ಹಾರಿಹೋಗುತ್ತದೆ.

ಇನ್ನು ಕೊಳ್ಳುವ ಮುಂಚಿನ ಪರೀಕ್ಷೆ. ತುಕ್ಕು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಬಿರುಕು ಮತ್ತು ಸವಕಳಿ. ಸ್ಥಿರ ದವಡೆಯ ಬುಡ, ಬೋಲ್ಟು ಕೂರುವ ಕಿವಿಗಳು, ಜಾರುವ ಭಾಗದ ಅಡಿ, ಈ ಮೂರು ಕಡೆ ಬೆರಳಾಡಿಸಿ. ಒಂದೇ ಜಾಗದಲ್ಲಿ ಮಾತ್ರ ಹೊಸ ಬಣ್ಣ ದಪ್ಪಗೆ ಬಳಿದಿದ್ದರೆ ಅದರ ಕೆಳಗೆ ಏನೋ ಇದೆ ಎಂದೇ ಅರ್ಥ. ಅರದ ಮೂಲೆಯಿಂದ ಕೆರೆದಾಗ ಹಳದಿ ಗೆರೆ ಕಂಡರೆ ಹಿಂದೆ ಯಾರೋ ಹಿತ್ತಾಳೆ ಬೆಸುಗೆ ಹಾಕಿದ್ದಾರೆ.

ಸ್ಕ್ರೂ ತಿರುಗುವಂತಿದ್ದರೆ ಹಿಡಿಯನ್ನು ಹಿಂದೆ ಮುಂದೆ ಆಡಿಸಿ. ದವಡೆ ಕದಲದೆ ಕಾಲು ಸುತ್ತು ತಿರುಗಿದರೆ ಹಳೇ ವೈಸಿಗೆ ಅದು ಸಹಜ. ಅರ್ಧ ಸುತ್ತು ದಾಟಿದರೆ ನಟ್ಟು ಹೋಗಿದೆ. ನಟ್ಟು ಹೆಚ್ಚಿನ ವೈಸುಗಳಲ್ಲಿ ಬೇರೆ ತುಂಡು. ಟರ್ನರ್ ಹತ್ತಿರ ಗನ್‌ಮೆಟಲ್ಲಿನಲ್ಲಿ ಮಾಡಿಸಬಹುದು. ಸ್ಕ್ರೂ ಸವೆದಿದೆಯೇ ತಿಳಿಯಲು ಹಿಡಿಯ ಹತ್ತಿರದ ಥ್ರೆಡ್ಡನ್ನೂ ದೂರದ ತುದಿಯ ಥ್ರೆಡ್ಡನ್ನೂ ಹೋಲಿಸಿ. ವೈಸು ಬಹುಪಾಲು ಸ್ವಲ್ಪವೇ ತೆರೆದು ಬಳಸುವುದರಿಂದ ಹಿಡಿಯ ಕಡೆಯದೇ ತೆಳ್ಳಗಾಗುತ್ತದೆ. ದೂರದ ತುದಿಯಲ್ಲಿ ಹಲ್ಲಿನ ತಲೆ ಚಪ್ಪಟೆಯಾಗಿ ಅಗಲವಿದ್ದು, ಹಿಡಿಯ ಕಡೆ ಚಾಕುವಿನ ಅಂಚಿನಷ್ಟು ಚೂಪಾಗಿದ್ದರೆ ಸ್ಕ್ರೂ, ನಟ್ಟು ಎರಡನ್ನೂ ಮಾಡಿಸಬೇಕಾದೀತು. ಆ ಖರ್ಚಿಗೆ ಇನ್ನೊಂದು ವೈಸು ಬರುತ್ತದೆ.

ದವಡೆಯ ಪಟ್ಟಿಗಳು ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 10–12 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿ ಕತ್ತರಿಸಿ, ತಲೆ ಒಳಗೆ ಕೂರುವ ಸ್ಕ್ರೂ ಹಾಕಿದರೆ ಮುಗಿಯಿತು.

ಪ್ರಶ್ನೆ: ನನ್ನ ವೈಸಿನ ದವಡೆ ಬುಡದಲ್ಲಿ ಬಿರುಕಿದೆ. ನಮ್ಮೂರ ವೆಲ್ಡಿಂಗ್ ಅಂಗಡಿಯವರು ಮಾಮೂಲಿ ರಾಡಿನಲ್ಲೇ ಹಾಕಿಕೊಡ್ತೀನಿ ಅಂತಾರೆ.
— ರೈತ, ಹೊಸದುರ್ಗ

ಉತ್ತರ: ಹಾಕಿಸಬೇಡಿ. ಮಾಮೂಲಿ 6013 ರಾಡಿನ ಬೆಸುಗೆ ಬೀಡಿನ ಮೇಲೆ ಕೂರುತ್ತದೆ, ಆದರೆ ಪಕ್ಕದ ಬೀಡು ತಟ್ಟನೆ ತಣಿದು ಗಾಜಿನಷ್ಟು ಪೆಡಸಾಗುತ್ತದೆ. ಮೊದಲ ಬಿಗಿತಕ್ಕೇ ಬೆಸುಗೆಯ ಪಕ್ಕದಲ್ಲಿ ಹೊಸ ಬಿರುಕು.

ದಾರಿ ಎರಡು. ಒಂದು, ನಿಕಲ್ ರಾಡು. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆಯಿರಿ, ಬಿರುಕಿನುದ್ದಕ್ಕೂ 'ವಿ' ಆಕಾರದ ಕಾಲುವೆ ತೆಗೆಯಿರಿ, ಇಡೀ ತುಂಡನ್ನು 250–300 ಡಿಗ್ರಿಗೆ ಸಮನಾಗಿ ಕಾಯಿಸಿ. ಒಂದು ಸಲಕ್ಕೆ 25 ಮಿ.ಮೀ. ಮಾತ್ರ ಬೆಸೆಯಿರಿ. ಬೆಸೆದ ಕೂಡಲೇ, ಬಿಸಿಯಿರುವಾಗಲೇ, ಸಣ್ಣ ಗುಂಡು ಸುತ್ತಿಗೆಯಿಂದ ತಟ್ಟಿ. ಮುಗಿದ ಮೇಲೆ ಒಣ ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತು ಮರುದಿನದವರೆಗೆ ಬಿಡಿ. ಎರಡನೆಯದು ಗ್ಯಾಸಿನಲ್ಲಿ ಬಿಳಿಗಾರ ಹಾಕಿ ಹಿತ್ತಾಳೆ ಬೆಸುಗೆ. ಕಾವು ಕಡಿಮೆ, ಬೀಡು ಪೆಡಸಾಗುವುದಿಲ್ಲ; ಹಳ್ಳಿ ಕಡೆ ಇದೇ ಸುಲಭ.

ಒಂದು ಮಾತು ಮಾತ್ರ ನೆನಪಿರಲಿ. ಬೋಲ್ಟಿನ ಕಿವಿ ಬಿರುಕು ಬಿಟ್ಟಿದ್ದರೆ ಬೆಸೆದು ಬಳಸಬಹುದು. ದವಡೆ ಬುಡದ ಬಿರುಕು ಎಳೆತ ಬೀಳುವ ಜಾಗ. ಬೆಸೆದ ಮೇಲೂ ಆ ವೈಸನ್ನು ಅರ ಹಾಕುವ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ, ಸುತ್ತಿಗೆ ಕೆಲಸಕ್ಕೆ ಬೇಡ.

ಪ್ರಶ್ನೆ: ಬ್ಯಾಟರಿ ಚಾರ್ಜರ್ ಹಾಕಿ ನೀರಲ್ಲಿ ತುಕ್ಕು ಬಿಡಿಸುವುದನ್ನು ಮಾಡಿ ನೋಡಿದೆವು. ಬಕೆಟ್ಟಿಗೆ ಉಪ್ಪು ಹಾಕಿ, ಸ್ಟೀಲ್ ತಟ್ಟೆಯೊಂದನ್ನು ಕಟ್ಟಿದೆವು. ನೀರು ಹಳದಿ ಆಯ್ತು, ಘಾಟು ವಾಸನೆ ಬಂತು, ಸುತ್ತಿಗೆಗೆ ಮರುದಿನವೇ ತುಕ್ಕು. ಎಲ್ಲಿ ತಪ್ಪಾಯಿತು ಸಾರ್?
— ಐ.ಟಿ.ಐ. ಫಿಟ್ಟರ್ ವಿದ್ಯಾರ್ಥಿಗಳು, ಚಿತ್ರದುರ್ಗ

ಉತ್ತರ: ಎರಡು ಕಡೆ ತಪ್ಪಾಗಿದೆ, ಎರಡೂ ಅಪಾಯದವು. ಉಪ್ಪು ನೀರಿಗೆ ಕರೆಂಟು ಹರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಆ ಘಾಟು ಅದರದೇ. ಉಪ್ಪಿನ ಕ್ಲೋರೈಡು ಕಬ್ಬಿಣದ ಸಂದಿಯಲ್ಲಿ ಉಳಿದು ಮರುದಿನ ತುಕ್ಕು ತರಿಸಿತು. ಸ್ಟೇನ್‌ಲೆಸ್ ತಟ್ಟೆಯಿಂದ ಕ್ರೋಮಿಯಂ ಬಿಡುತ್ತದೆ. ಹಳದಿ ನೀರಿನಲ್ಲಿ ಇರಬಹುದಾದ್ದು ಆರು ವೇಲೆನ್ಸಿಯ ಕ್ರೋಮಿಯಂ, ಕ್ಯಾನ್ಸರ್ ತರುವಂಥದ್ದು. ಆ ನೀರನ್ನು ಗಿಡಕ್ಕೆ, ಚರಂಡಿಗೆ ಚೆಲ್ಲಬೇಡಿ. ಕೈಗವಸು ಹಾಕಿ ಕ್ಯಾನಿಗೆ ತುಂಬಿ, ಮೇಲೆ ವಿಷವೆಂದು ಬರೆದಿಟ್ಟು, ನಿಮ್ಮ ಸಂಸ್ಥೆಯ ರಸಾಯನ ತ್ಯಾಜ್ಯದ ಜೊತೆ ಕಳಿಸಿ.

ಸರಿಯಾದ ಕ್ರಮ ಹೀಗೆ. 20 ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿ 100 ಗ್ರಾಂ ಬಟ್ಟೆ ಸೋಡಾ ಕರಗಿಸಿ. ಅಡುಗೆ ಸೋಡಾ ಅಲ್ಲ, ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಸೋಡಾ ಹೆಚ್ಚು ಹಾಕಿದರೆ ತುಕ್ಕು ಬೇಗ ಬಿಡುವುದಿಲ್ಲ, ಚಾರ್ಜರ್ ಬಿಸಿಯಾಗುತ್ತದೆ ಅಷ್ಟೆ. 10 ಮಿ.ಮೀ. ಕಟ್ಟಡದ ಕಂಬಿಯ ನಾಲ್ಕು ತುಂಡುಗಳನ್ನು ಬಕೆಟ್ಟಿನ ಒಳಗೋಡೆಗೆ ಸುತ್ತ ನಿಲ್ಲಿಸಿ, ಮೇಲ್ತುದಿಯಲ್ಲಿ ತಂತಿಯಿಂದ ಒಂದಕ್ಕೊಂದು ಜೋಡಿಸಿ. ಹತಾರವನ್ನು ನಡುವೆ ತೂಗುಬಿಡಿ, ಕಂಬಿಗೆ ತಾಗಕೂಡದು. 12 ವೋಲ್ಟ್ ಚಾರ್ಜರಿನ ಕಪ್ಪು ಕ್ಲಿಪ್ಪು ಹತಾರಕ್ಕೆ, ಕೆಂಪು ಕಂಬಿಗೆ. ತಿರುವುಮುರುವಾದರೆ ಕಂಬಿಯ ಬದಲು ನಿಮ್ಮ ಹತಾರವೇ ಕರಗುತ್ತದೆ.

2ರಿಂದ 4 ಆಂಪಿಯರ್ ಸಾಕು. ಹತಾರದ ಮೈಯಿಂದ ಸಣ್ಣ ಗುಳ್ಳೆ ಎದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ತೆಳು ತುಕ್ಕಿಗೆ ಆರು ಗಂಟೆ, ಪದರ ಪದರ ಎದ್ದಿದ್ದರೆ ಇಡೀ ದಿನ. ಕಂಬಿಗೆ ಎದುರಾಗಿರುವ ಮುಖ ಬೇಗ ಬಿಡುತ್ತದೆ, ಮರೆಯಾಗಿರುವುದು ಉಳಿಯುತ್ತದೆ. ನಡುವೆ ಒಮ್ಮೆ ತಿರುಗಿಸಿ ಕಟ್ಟಿ.

ಈಗಿನ ಆಟೊಮ್ಯಾಟಿಕ್ ಚಾರ್ಜರ್‌ಗಳು ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ. ಆಗ ಚಾರ್ಜರನ್ನು ಹಳೇ 12 ವೋಲ್ಟ್ ಬ್ಯಾಟರಿಗೆ ಹಾಕಿ, ಬ್ಯಾಟರಿಯಿಂದ ಬಕೆಟ್ಟಿಗೆ ತಂತಿ ಎಳೆಯಿರಿ. ಆ ತಂತಿಯ ದಾರಿಯಲ್ಲಿ 12 ವೋಲ್ಟ್ 55 ವ್ಯಾಟಿನ ಹೆಡ್‌ಲೈಟ್ ಬಲ್ಬು ಸರಣಿಯಲ್ಲಿ ಇರಲೇಬೇಕು. ಅದು ಕರೆಂಟನ್ನು ನಾಲ್ಕೂವರೆ ಆಂಪಿಯರಿಗೆ ಮೇಲೆ ಹೋಗಲು ಬಿಡುವುದಿಲ್ಲ. ಹತಾರ ಕಂಬಿಗೆ ತಾಗಿದರೆ ಬಲ್ಬು ಪೂರ್ತಿ ಬೆಳಗಿ ಎಚ್ಚರಿಸುತ್ತದೆ, ತಂತಿ ಸುಡುವುದಿಲ್ಲ.

ಬರುವ ಗುಳ್ಳೆ ಹೈಡ್ರೋಜನ್ ಮತ್ತು ಆಮ್ಲಜನಕ. ಬಯಲಲ್ಲೇ ಮಾಡಿ, ಬೀಡಿ ದೂರವಿರಲಿ, ಪ್ಲಗ್ ತೆಗೆದ ಮೇಲೇ ಕ್ಲಿಪ್ಪಿಗೆ ಕೈ ಹಾಕಿ. ಕ್ಲಿಪ್ಪಿನ ಒಂದು ಕಿಡಿ ಸಾಕು.

ಹೊರಗೆ ತೆಗೆದಾಗ ಮೈಮೇಲೆ ಕಪ್ಪು ಮಸಿ ಇರುತ್ತದೆ. ಅದನ್ನು ನೀರಿನಡಿ ಉಜ್ಜಿ, ಕೊನೆಗೆ ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಬಿಸಿ ಕಬ್ಬಿಣ ತಾನೇ ಆರುತ್ತದೆ. ತಣ್ಣೀರಿನಲ್ಲಿ ತೊಳೆದು ಬಿಟ್ಟರೆ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣ ಏರುತ್ತದೆ. ಆರಿದ ತಕ್ಷಣ ತೆಳ್ಳಗೆ ಎಣ್ಣೆ ಸವರಿ.

ಅಲ್ಯೂಮಿನಿಯಂ, ಹಿತ್ತಾಳೆ, ಗ್ಯಾಲ್ವನೈಸ್ ಮಾಡಿದ್ದು ಈ ಬಕೆಟ್ಟಿಗೆ ಬೇಡ. ಸ್ಪ್ರಿಂಗು, ಗರಗಸದ ಅಲಗು, ಉಳಿಯಂಥ ಹದಗೊಂಡ ಉಕ್ಕೂ ಬೇಡ. ಹೈಡ್ರೋಜನ್ ಒಳಹೊಕ್ಕರೆ ಅದು ಪೆಡಸಾಗಬಹುದು. ಈ ಹದಗೊಂಡ ಉಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್): ಲೀಟರಿಗೆ 50 ಗ್ರಾಂ, ಎರಡು ಮೂರು ಗಂಟೆಗೊಮ್ಮೆ ತೆಗೆದು ಉಜ್ಜಿ, ಸಾಕೆನಿಸಿದ ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ಅದ್ದಿ. ಎರಡು ದಿನ ಮರೆತರೆ ಆಮ್ಲವು ತುಕ್ಕು ಮುಗಿಸಿ ಉಕ್ಕನ್ನೇ ತಿನ್ನಲು ಶುರು ಮಾಡುತ್ತದೆ. ಹುಣಸೆಹಣ್ಣೂ ಇದೇ ಕೆಲಸ ಮಾಡುತ್ತದೆ, ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ಆದರೆ ಸಿಪ್ಪೆ ನಾರು ಸಂದಿಗೆ ಮೆತ್ತಿ, ತೊಳೆಯುವುದೇ ದೊಡ್ಡ ಕೆಲಸವಾಗುತ್ತದೆ. ಕಕ್ಕಸು ತೊಳೆಯುವ ಆಸಿಡ್ಡನ್ನು ಮಾತ್ರ ಹತ್ತಿರ ತರಬೇಡಿ. ಅದರ ಆವಿಗೇ ಕೋಣೆಯಲ್ಲಿರುವ ಉಳಿದ ಹತಾರಗಳು ತುಕ್ಕು ಹಿಡಿಯುತ್ತವೆ.

ಪ್ರಶ್ನೆ: ಕುಡುಗೋಲು, ಗುಳ ತಟ್ಟಲು ಅಡಿಗಲ್ಲು ಬೇಕು. ಗುಜರಿಯಲ್ಲಿ ರೈಲು ಹಳಿಯ ತುಂಡು ತೋರಿಸಿದರು. ಇನ್ನೊಂದು ಕಡೆ ಕೊಂಬಿರುವ ಹಳೇ ಅಡಿಗಲ್ಲಿದೆ, ಮೈಮೇಲೆ 1 2 14 ಅಂತ ಕೆತ್ತಿದೆ. ಯಾವುದು ಒಳ್ಳೇದು?
— ಕಮ್ಮಾರಿಕೆ ಮಾಡುವವರು, ಹಿರಿಯೂರು

ಉತ್ತರ: ಹಳಿ ತುಂಡು ಬಿಡಿ. 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯಡಿ ಅನುಮಾನಾಸ್ಪದ ರೈಲ್ವೆ ಮಾಲು ಕೈಯಲ್ಲಿದ್ದರೆ ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ನಿಮ್ಮದೇ. ಮೊದಲ ಸಲಕ್ಕೇ ಐದು ವರ್ಷದವರೆಗೆ ಶಿಕ್ಷೆ ಇದೆ. ರೈಲ್ವೆ ಹರಾಜಿನ ಕಾಗದ ಜೊತೆಗಿದ್ದರೆ ಮಾತ್ರ ಯೋಚಿಸಿ. ಅದೂ ಅಲ್ಲದೆ, ಹಳಿಯನ್ನು ಮಲಗಿಸಿ ಬಳಸಿದರೆ ನಡುವಿನ ತೆಳು ಭಾಗ ಏಟಿಗೆ ಸ್ಪ್ರಿಂಗಿನಂತೆ ಬಳುಕಿ ಅರ್ಧ ಶಕ್ತಿ ಪೋಲಾಗುತ್ತದೆ. ನೆಟ್ಟಗೆ ನಿಲ್ಲಿಸಿ ಹೂತರೆ ಚೆನ್ನ, ಆದರೆ ಗುಳ ತಟ್ಟುವಷ್ಟು ಜಾಗ ಸಿಗುವುದಿಲ್ಲ.

1 2 14 ಎಂಬುದು ಬ್ರಿಟಿಷ್ ತೂಕ. ಮೊದಲ ಅಂಕಿ 112 ಪೌಂಡಿನ ಹಂಡ್ರೆಡ್‌ವೆಯ್ಟ್, ಎರಡನೆಯದು ಅದರ ಕಾಲುಭಾಗ, ಅಂದರೆ 28 ಪೌಂಡು, ಮೂರನೆಯದು ಬಿಡಿ ಪೌಂಡು. 112 + 56 + 14 = 182 ಪೌಂಡು, ಸುಮಾರು 82.5 ಕೆ.ಜಿ. ಗುಜರಿಯ ತಕ್ಕಡಿ ಸರಿಯಿದೆಯೇ ಎಂಬುದಕ್ಕೂ ಇದೇ ಪರೀಕ್ಷೆ!

ಕೊಳ್ಳುವ ಮುಂಚೆ ಲಾರಿ ಬೇರಿಂಗಿನಿಂದ ತೆಗೆದ 25 ಮಿ.ಮೀ. ಉಕ್ಕಿನ ಗುಂಡು, ಒಂದು ಸ್ಕೇಲು ಒಯ್ಯಿರಿ. 25 ಸೆಂ.ಮೀ. ಎತ್ತರದಿಂದ ಗುಂಡು ಬಿಡಿ. 20 ಸೆಂ.ಮೀ. ಹತ್ತಿರ ಪುಟಿದರೆ ಮೇಲ್ಮೈ ಗಟ್ಟಿ ಉಕ್ಕು. 12 ಸೆಂ.ಮೀ. ಕೂಡ ಏರದಿದ್ದರೆ ಬರೀ ಬೀಡು ಅಥವಾ ಬೆಂಕಿಗೆ ಬಿದ್ದು ಹದ ಕಳೆದುಕೊಂಡದ್ದು. ಮೂರ್ನಾಲ್ಕು ಜಾಗದಲ್ಲಿ ಬಿಟ್ಟು ನೋಡಿ. ಒಂದು ಕಡೆ ಮಾತ್ರ ಸತ್ತಂತೆ ಬಿದ್ದರೆ ಅಲ್ಲಿ ಮೇಲಿನ ಉಕ್ಕಿನ ಪದರ ಬುಡದಿಂದ ಬಿಟ್ಟಿದೆ.

ಅಂಚು ಚಕ್ಕೆ ಹಾರಿದೆ ಎಂದು ಬೆಸೆದು ತುಂಬಿಸಬೇಡಿ, ಮುಖವನ್ನು ಗ್ರೈಂಡ್ ಮಾಡಿಸಿ ಮಟ್ಟಸಗೊಳಿಸಬೇಡಿ. ಗಟ್ಟಿ ಪದರ ತೆಳುವಾದ್ದು, ಉಜ್ಜಿದಷ್ಟೂ ಆಯಸ್ಸು ಕಡಿಮೆ. ಅಂಚನ್ನು 3 ಮಿ.ಮೀ. ದುಂಡಗೆ ಮಾಡಿ ಹಾಗೇ ಬಳಸಿ. ಕೂರಿಸಲು ಹುಣಸೆ ಕೊರಡು ಚೆನ್ನ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮುಷ್ಟಿಯ ಗೆಣ್ಣು ತಾಗುವ ಎತ್ತರಕ್ಕೆ ಮುಖ ಬರಬೇಕು.

ಪ್ರಶ್ನೆ: ರೆಕಾರ್ಡ್ 5ನೇ ನಂಬರಿನ ಉಜ್ಜುಗೊರಡು ತಂದೆ. ತಳ ತುಕ್ಕು. ಅಲಗನ್ನು ಮೋಟಾರ್ ಸಾಣೆಗೆ ಹಿಡಿದಾಗ ತುದಿ ನೀಲಿಯಾಯ್ತು, ಈಗ ಹತ್ತು ಸಲ ಎಳೆಯುವಷ್ಟರಲ್ಲಿ ಮೊಂಡು.
— ಬಡಗಿ, ಹೊಳಲ್ಕೆರೆ

ಉತ್ತರ: ನೀಲಿ ಬಂತೆಂದರೆ ಅಲಗು 300 ಡಿಗ್ರಿ ಮುಟ್ಟಿತು, ಹದ ಹೋಯಿತು. ನೀಲಿಯಾದ ಭಾಗ ಮೂರ್ನಾಲ್ಕು ಮಿ.ಮೀ. ಇದ್ದರೆ ಅಷ್ಟನ್ನೂ ಸವೆಸಿಬಿಡಿ. ಈ ಸಲ ಬೆರಳು ಅಲಗಿನ ತುದಿಯ ಹತ್ತಿರವೇ ಇರಲಿ. ಬೆರಳಿಗೆ ಬಿಸಿ ತಾಗುವ ಮುಂಚೆ ನೀರಿಗೆ ಅದ್ದಿ. ಅಂಚು ತೆಳ್ಳಗಾದಷ್ಟೂ ಬೇಗ ಕಾಯುತ್ತದೆ, ಹಾಗಾಗಿ ಕೊನೆಯ ಸುತ್ತನ್ನು ಕೈಸಾಣೆಯಲ್ಲೇ ಮುಗಿಸಿ. ಇಳಿಜಾರು 25 ಡಿಗ್ರಿ, ತುದಿಯಲ್ಲಿ ಕೂದಲೆಳೆ ಅಗಲಕ್ಕೆ 30.

ಅಲಗಿನ ಹಿಂಬದಿಯನ್ನು ಯಾರೂ ನೋಡುವುದಿಲ್ಲ, ಅಲ್ಲೇ ಎಲ್ಲ ಇರುವುದು. ತುದಿಯಿಂದ 10–15 ಮಿ.ಮೀ. ವರೆಗೆ ಕನ್ನಡಿಯಷ್ಟು ಚಪ್ಪಟೆ, ನಯ ಇರಬೇಕು. ಅಲ್ಲಿ ತುಕ್ಕಿನ ಗುಳಿ ಇದ್ದರೆ ಮುಂಭಾಗ ಎಷ್ಟು ಸಾಣೆ ಹಿಡಿದರೂ ಅಂಚಿನಲ್ಲಿ ಹಲ್ಲು ಉಳಿದು, ಮರದ ಮೇಲೆ ಗೆರೆ ಎಳೆಯುತ್ತದೆ.

ತಳಕ್ಕೆ: 8 ಮಿ.ಮೀ. ದಪ್ಪದ ಗಾಜನ್ನು ಸಮನಾದ ಮೇಜಿನ ಮೇಲಿಟ್ಟು 80 ನಂಬರಿನ ವಾಟರ್ ಪೇಪರ್ ಅಂಟಿಸಿ. ಅಲಗನ್ನು ಬಿಚ್ಚಬೇಡಿ, ಒಳಕ್ಕೆ ಎಳೆದು ಮಾಮೂಲಿನಂತೆ ಬಿಗಿದಿಡಿ. ಬಿಗಿತಕ್ಕೆ ತಳ ಸ್ವಲ್ಪ ಬಾಗುತ್ತದೆ, ಕೆಲಸ ಮಾಡುವಾಗಿನ ಆಕಾರದಲ್ಲೇ ಅದನ್ನು ಉಜ್ಜಬೇಕು. ತಳದ ಮೇಲೆ ಮಾರ್ಕರಿನಿಂದ ಅಡ್ಡಗೆರೆ ಎಳೆದು ಉಜ್ಜಿ. ಮೂಗು, ಬಾಯಿಯ ಮುಂದಿನ ಅಂಚು, ಹಿಂದಿನ ತುದಿ, ಈ ಮೂರು ಕಡೆ ಗೆರೆ ಅಳಿಸಿದರೆ ನಿಲ್ಲಿಸಿ. ನಡುವೆ ಅಲ್ಲಲ್ಲಿ ಗೆರೆ ಉಳಿದರೆ ತೊಂದರೆಯಿಲ್ಲ, ಎಲ್ಲ ಅಳಿಸಲು ಹೋದರೆ ಸುಮ್ಮನೆ ಬೀಡು ಸವೆಯುತ್ತದೆ. ಆಮೇಲೆ 120, 220. ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿಯನ್ನು (ಚಿಪ್ ಬ್ರೇಕರ್) ಅಲಗಿನ ಅಂಚಿನಿಂದ 1 ಮಿ.ಮೀ. ಹಿಂದೆ ಇಡಿ, ಎಳೆ ತಿರುಚಿದ ಮರಕ್ಕೆ ಅರ್ಧ.

ಪ್ರಶ್ನೆ: ಹಳೇ ಡ್ರಿಲ್ಲಿಂಗ್ ಮಿಷನ್ನಿನ ಬೋಲ್ಟು ಕಳೆದಿದೆ. ಎಂ12 ಹಾಕಿದರೆ ಎರಡು ಸುತ್ತಿಗೇ ಬಿಗಿಯುತ್ತೆ, ಅರ್ಧ ಇಂಚಿನ ಹೊಸ ಬೋಲ್ಟೂ ಹೋಗಲ್ಲ.
— ಗ್ಯಾರೇಜ್ ಮೆಕ್ಯಾನಿಕ್, ಜಗಳೂರು

ಉತ್ತರ: ಅದು ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್ (ಬಿ.ಎಸ್.ಡಬ್ಲ್ಯು.) ಥ್ರೆಡ್ ಇರಬೇಕು. ಅರ್ಧ ಇಂಚಿನ ವಿಟ್‌ವರ್ತಿಗೆ ಇಂಚಿಗೆ 12 ಹಲ್ಲು, ನೀವು ಹಾಕಿದ ಅಮೆರಿಕದ ಅಳತೆಯ ಯು.ಎನ್.ಸಿ. ಬೋಲ್ಟಿಗೆ 13. ಹಲ್ಲಿನ ಕೋನವೂ ಬೇರೆ: 55 ಮತ್ತು 60 ಡಿಗ್ರಿ. ಎಂ12ರದ್ದು 1.75 ಮಿ.ಮೀ. ಅಂತರ. ಒತ್ತಾಯಕ್ಕೆ ತಿರುವಿದರೆ ಬೀಡಿನ ಥ್ರೆಡ್ಡು ಪುಡಿಯಾಗುತ್ತದೆ. ಥ್ರೆಡ್ ಗೇಜ್ ಇಟ್ಟು ಎಣಿಸಿ, ಬಿ.ಎಸ್.ಡಬ್ಲ್ಯು. ಬೋಲ್ಟನ್ನೇ ಕೇಳಿ. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಪಾನಾದ ಮೇಲೆ 1/2 W ಎಂದಿದ್ದರೆ ಅದು ಬೋಲ್ಟಿನ ದಪ್ಪ, ತಲೆಯ ಅಗಲವಲ್ಲ; ಹಳೇ ಅಳತೆಯಲ್ಲಿ ಆ ತಲೆ ಸುಮಾರು 23.4 ಮಿ.ಮೀ. 24ರ ಪಾನಾ ಹಾಕಿದರೆ ಜಾರಿ ಮೂಲೆ ಸವೆಯುತ್ತದೆ.

ಪ್ರಶ್ನೆ: ಸುತ್ತಿಗೆಯ ಕಾವಿಗೆ ಶೇಂಗಾ ಎಣ್ಣೆ ಕುಡಿಸಬಹುದಾ? ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ.
— ಚಳ್ಳಕೆರೆ

ಉತ್ತರ: ಅಡುಗೆಗೇ ಇರಲಿ. ಶೇಂಗಾ ಎಣ್ಣೆ ಒಣಗಿ ಪದರಗಟ್ಟುವುದಿಲ್ಲ, ಜಿಗುಟಾಗಿ ಉಳಿದು ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ. ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಒರೆಸಿ, ಮರುದಿನ ಇನ್ನೊಂದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಬಯಲಲ್ಲಿ ಹರಡಿ. ಕಾವಿಗೆ ದಿಂಡಿಗ ಅಥವಾ ಕರಿಜಾಲಿ. ತೇಗ ಬೇಡ, ಏಟಿಗೆ ಸೀಳುತ್ತದೆ. ಪೂರ್ತಿ ಒಣಗಿದ ಮರವನ್ನೇ ಬಳಸಿ, ಹಸಿಯಲ್ಲಿ ಕೂರಿಸಿದರೆ ಬೇಸಿಗೆಯಲ್ಲಿ ಬೆಣೆ ಸಡಿಲಾಗಿ ತಲೆ ಹಾರುತ್ತದೆ.

ಪ್ರಶ್ನೆ: ಹಳೇ ಮೈಸೂರು ಕಿರ್ಲೋಸ್ಕರ್ ಲೇತ್ ತೂಕದ ಬೆಲೆಗೆ ಬಂದಿದೆ. ಮನೆ ಶೆಡ್ಡಿನಲ್ಲಿ ಸಿಂಗಲ್ ಫೇಸ್ ಮಾತ್ರ. ತಗೊಳ್ಳಲಾ? ತೋಟದ ಪಂಪಿನ ಲೈನಿಂದ ಎಳೆಯಬಹುದಾ?
— ಹರಿಹರ ತಾಲ್ಲೂಕಿನ ಓದುಗರು

ಉತ್ತರ: ಪಂಪಿನ ಲೈನು ಮುಟ್ಟಬೇಡಿ. ನೀರಾವರಿ ಸಂಪರ್ಕದಿಂದ ಬೇರೆ ಕೆಲಸಕ್ಕೆ ಕರೆಂಟು ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆ, ಬೆಸ್ಕಾಂ ದಂಡದ ದರದಲ್ಲಿ ಬಿಲ್ ಹಾಕುತ್ತದೆ. ಪಂಪಿಗೆ ಮಾಡುವ ಹಾಗೆ ಕೆಪಾಸಿಟರ್ ಹಾಕಿ ಓಡಿಸಿದರೆ ಮೋಟಾರು ತಿರುಗುತ್ತದೆ, ಆದರೆ ಬಲ ಸಾಲದೆ ಬಿಸಿಯಾಗುತ್ತದೆ.

2–3 ಎಚ್.ಪಿ. ಮೋಟಾರಾದರೆ ಸಿಂಗಲ್ ಫೇಸ್‌ನಿಂದ ಓಡುವ ವಿ.ಎಫ್.ಡಿ. (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡಬ್ಬಿ) ಸಿಗುತ್ತದೆ. ಅದು ಹೊರಗೆ ಕೊಡುವುದು 230 ವೋಲ್ಟಿನ ಮೂರು ಫೇಸು. ಹಾಗಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಮೋಟಾರನ್ನು ಡೆಲ್ಟಾಗೆ ಬದಲಿಸಬೇಕು. ಟರ್ಮಿನಲ್ ಡಬ್ಬಿಯಲ್ಲಿ ಆರು ತುದಿ ಇದ್ದರೆ ಕೆಲಸ ಸುಲಭ. ಮೂರೇ ಇದ್ದರೆ ರಿವೈಂಡಿಂಗ್‌ನವರು ಒಳಗಿನ ಸ್ಟಾರ್ ಗಂಟು ಬಿಚ್ಚಬೇಕು. ನಾಮಫಲಕದಲ್ಲಿ 415 ವೋಲ್ಟ್ ಡೆಲ್ಟಾ ಎಂದಿದ್ದರೆ ಇದು ನಡೆಯದು. ವಿ.ಎಫ್.ಡಿ. ಮತ್ತು ಮೋಟಾರಿನ ನಡುವೆ ಲೇತಿನ ಹಳೇ ಸ್ವಿಚ್ಚು ಉಳಿಯಬಾರದು, ಓಡುವಾಗ ಅದನ್ನು ಆರಿಸಿದರೆ ವಿ.ಎಫ್.ಡಿ. ಸುಡುತ್ತದೆ.

ಲೇತಿನ ಬೆಲೆ ನಿಂತಿರುವುದು ಬೆಡ್ಡಿನ ಮೇಲೆ, ಅಂದರೆ ಉಳಿ ಹೊತ್ತ ಸ್ಯಾಡಲ್ ಜಾರುವ ಉದ್ದನೆಯ ಹಾಸಿನ ಮೇಲೆ. ಬಣ್ಣ ನೋಡಬೇಡಿ. ಸ್ಯಾಡಲ್ಲನ್ನು ಕೆಲಸದ ತುಂಡು ಹಿಡಿಯುವ ಚಕ್ಕಿನ ಹತ್ತಿರ ತಂದು ಲಾಕಿನ ಸ್ಕ್ರೂವನ್ನು ಕಷ್ಟಪಟ್ಟು ಸರಿಯುವಷ್ಟು ಬಿಗಿಯಿರಿ, ಆಮೇಲೆ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ತಳ್ಳಿ. ಅಲ್ಲಿ ಹೋಗಿ ಕಚ್ಚಿಕೊಂಡು ನಿಂತರೆ ಚಕ್ಕಿನ ಕಡೆ ಬೆಡ್ಡು ಸವೆದಿದೆ. ಸ್ವಲ್ಪ ಬಿಗಿಯಾದರೆ ಪರವಾಗಿಲ್ಲ, ಅಲ್ಲಾಡದೆ ನಿಂತರೆ ಬಿಟ್ಟುಬಿಡಿ. ಬೆಡ್ ಗ್ರೈಂಡಿಂಗ್ ಖರ್ಚು ಲೇತಿನ ಬೆಲೆ ಮೀರುತ್ತದೆ. ಚಕ್ಕಿಗೆ ದಪ್ಪ ಸರಳು ಹಿಡಿದು, ಡಯಲ್ ಗೇಜ್ ತಾಗಿಸಿ, ಸರಳನ್ನು ಮೇಲೆ ಕೆಳಗೆ ಮೀಟಿ. 0.02–0.03 ಮಿ.ಮೀ. ಒಳಗಿದ್ದರೆ ಸ್ಪಿಂಡಲ್ ಬೇರಿಂಗ್ ಸರಿ, ಹೆಚ್ಚಿದ್ದರೆ ಮೊದಲು ಬಿಗಿದು ನೋಡಿ. ಎಲ್ಲ ಗೇರುಗಳನ್ನೂ ಕೈಯಲ್ಲೇ ತಿರುಗಿಸಿ, ಸುತ್ತಿಗೊಮ್ಮೆ 'ಟಕ್' ಎಂದರೆ ಹಲ್ಲು ಮುರಿದಿದೆ. ಚೇಂಜ್ ಗೇರ್, ನಾಲ್ಕು ದವಡೆ ಚಕ್, ಸ್ಟೆಡಿ ಜೊತೆಯಲ್ಲಿವೆಯೇ ನೋಡಿ. ಇವು ಗುಜರಿಯಲ್ಲಿ ಮೊದಲೇ ಬೇರೆಯಾಗಿ ಮಾರಿಹೋಗಿರುತ್ತವೆ, ಬಿಡಿಯಾಗಿ ಕೊಂಡರೆ ಕೈ ಸುಡುತ್ತದೆ.

ಹಳೇ ಯಂತ್ರದ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಗ್ರೈಂಡರಿನಿಂದ ಉಜ್ಜಬೇಡಿ. ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿಯೇ ಕೆರೆದು, ಚೂರನ್ನು ಕಾಗದದಲ್ಲಿ ಕಟ್ಟಿಡಿ, ಮಕ್ಕಳು ದೂರವಿರಲಿ.

ಎತ್ತುವಾಗ ಬೆಲ್ಟು ಬೆಡ್ಡಿನ ಅಡಿಯಲ್ಲಿ, ಮರದ ತುಂಡು ಕೊಟ್ಟು ಹಾಯಬೇಕು. ಕ್ರೇನಿನವರು ಅವಸರಕ್ಕೆ ಲೀಡ್ ಸ್ಕ್ರೂವನ್ನೂ ಸೇರಿಸಿ ಸುತ್ತಿಬಿಡುತ್ತಾರೆ. ಒಮ್ಮೆ ಅದು ಬಗ್ಗಿದರೆ ಆ ಲೇತಿನಲ್ಲಿ ಮತ್ತೆ ಸರಿಯಾದ ಥ್ರೆಡ್ ಬರುವುದಿಲ್ಲ.

ಪ್ರಶ್ನೆ: ಗುಜರಿಯಲ್ಲಿ ಹಳೇ ಸಾಣೆಚಕ್ರ ಅಗ್ಗಕ್ಕೆ ಸಿಕ್ಕರೆ?
— ಮಲೇಬೆನ್ನೂರು

ಉತ್ತರ: ಬೇಡ. ಮಳೆಯಲ್ಲಿ ನೆನೆದಿದ್ದು, ಬಿದ್ದು ಕೂದಲೆಳೆ ಬಿರುಕು ಬಿಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ನಿಮಿಷಕ್ಕೆ 2,800 ಸುತ್ತಿನಲ್ಲಿ ಸಿಡಿಯುತ್ತದೆ. ಮೋಟಾರು, ಕವಚ, ಟೂಲ್ ರೆಸ್ಟ್ ಹಳೇದು ಕೊಳ್ಳಿ, ಚಕ್ರ ಹೊಸದು. ಹೊಸದನ್ನೂ ಹಾಕುವ ಮುಂಚೆ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟಿ: 'ಟಣ್' ಎನ್ನಬೇಕು. ಟೂಲ್ ರೆಸ್ಟಿಗೂ ಚಕ್ರಕ್ಕೂ 3 ಮಿ.ಮೀ.ಗಿಂತ ಹೆಚ್ಚು ಸಂದು ಬಿಡಬೇಡಿ. ಚಕ್ರ ಸವೆದಂತೆ ರೆಸ್ಟನ್ನೂ ಮುಂದಕ್ಕೆ ತರಬೇಕು.